ಕಮಿಟ್ ಬುಡದ ಜಾಹೀರಾತಿಗೆ ಅಗುಳಿ ಹಾಕಿದ್ದು

ನಾಲ್ಕು ತಿಂಗಳಾಯಿತು, ನಮ್ಮ ರೆಪೊದ ಮುಖ್ಯ ಬ್ರಾಂಚಿಗೆ ಕೋಡ್ ಬರೆಯುವ ಎಐ ಸಹಾಯಕಗಳು ಕಮಿಟ್ ಸಂದೇಶದ ಬುಡದಲ್ಲಿ ತಮ್ಮ ಹೆಸರು, ಲಿಂಕು ಅಂಟಿಸುವ ಜಾಹೀರಾತು ಒಂದು ಸಾಲೂ ನುಸುಳಿಲ್ಲ. "ಸೆಟ್ಟಿಂಗ್‌ನಲ್ಲಿ ಆಫ್ ಮಾಡಿದರೆ ಮುಗೀತಲ್ಲ, ಇದಕ್ಕೆಲ್ಲ ಹುಕ್ (ಕಮಿಟ್, ಪುಶ್ ಹೊತ್ತಿಗೆ ತಾನೇ ಓಡುವ ಸ್ಕ್ರಿಪ್ಟು) ಯಾಕೆ?" ಅಂದವರಿದ್ದರು. "ಏನು ಮಾಡಿದರೂ ನಿಲ್ಲಲ್ಲ, ಬಿಟ್ಟಾಕಿ" ಅಂದವರೂ ಇದ್ದರು. ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ಗಿಟ್ ಗೊತ್ತು, ಹುಕ್ ಅಂದರೇನು ಗೊತ್ತು ಅಂತಲೇ ಇಟ್ಟುಕೊಳ್ಳುತ್ತೇನೆ.

ನಮ್ಮದು ಶಿವಮೊಗ್ಗ, ಅಡಿಕೆ ಮಂಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್. ನಾಲ್ಕು ಜನ, ಮೂರು ಸಹಾಯಕ. ಕಂಪನಿ ಹೆಸರು ಬೇಡ, ಮಂಡಿ ಭಾಷೆಯಲ್ಲೇ, ಅಡಿಕೆ ದರ್ಜೆಗಳ ಹೆಸರಲ್ಲಿ, ರಾಶಿ, ಬೆಟ್ಟೆ, ಗೊರಬಲು ಅನ್ನುತ್ತೇನೆ. ರಾಶಿ ಟರ್ಮಿನಲ್‌ನಲ್ಲಿ ಓಡುವುದು. ಬೆಟ್ಟೆ ಎಡಿಟರ್ ಒಳಗಿನದು. ಗೊರಬಲು ಕ್ಲೌಡ್‌ನಲ್ಲಿ ಕೂತು ತಾನೇ ಬ್ರಾಂಚ್ ತೆಗೆದು ಪುಲ್ ರಿಕ್ವೆಸ್ಟ್ ಹಾಕುವುದು.

ಮದುವೆ ಕರೆಯೋಲೆಯ ಕೆಳತುದಿಯಲ್ಲಿ ಪ್ರೆಸ್ಸಿನ ಹೆಸರು ಸಣ್ಣಕ್ಷರದಲ್ಲಿದ್ದರೆ ಯಾರಿಗೂ ತಕರಾರಿಲ್ಲ. ಅದೇ ಹೆಸರು "ಸುಖಾಗಮನ ಬಯಸುವವರು" ಪಟ್ಟಿಯಲ್ಲಿ ಬಂದು ಕೂತರೆ ಹೇಗೆ? ಕಮಿಟ್‌ನ ಸಹಲೇಖಕರನ್ನು ಹೆಸರಿಸುವ ಕೋ-ಆಥರ್ಡ್-ಬೈ ಸಾಲಿನಲ್ಲಿ ಆಗುವುದು ಇದೇ. 2019ರಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರವಾದ ಎನ್‌ಪಿಎಂನಲ್ಲಿ "ಸ್ಟ್ಯಾಂಡರ್ಡ್" ಅನ್ನುವ ಪ್ಯಾಕೇಜ್ ಇನ್‌ಸ್ಟಾಲ್ ಆದಾಗ ಟರ್ಮಿನಲ್‌ನಲ್ಲಿ ಜಾಹೀರಾತು ತೋರಿಸಿ ಗಲಾಟೆಯಾಗಿ ನಿಂತಿತು. ಅದು ಪರದೆಯ ಮೇಲೆ ಬಂದು ಹೋಗುವ ಮಾತು. ಕಮಿಟ್ ಸಂದೇಶ ಹಾಗಲ್ಲ, ಕಮಿಟ್‌ನ ಗುರುತಾದ ಹ್ಯಾಶ್ ಲೆಕ್ಕಕ್ಕೇ ಸೇರುತ್ತದೆ. ಒಮ್ಮೆ ಒಳಹೋದರೆ ಇತಿಹಾಸ ಪೂರ್ತಿ ಮತ್ತೆ ಬರೆಯದೆ ಹೊರಬರುವುದಿಲ್ಲ. ನಮ್ಮಲ್ಲಿ ಇನ್ನೊಂದು ಪೇಚಿತ್ತು. ಪುಲ್ ರಿಕ್ವೆಸ್ಟ್ ವಿವರಣೆಯಿಂದಲೇ "ಹೊಸದೇನು" ಟಿಪ್ಪಣಿ ತಯಾರಾಗಿ ವಾಟ್ಸಾಪ್‌ನಲ್ಲಿ ಗಿರಾಕಿಗಳಿಗೆ ಹೋಗುತ್ತದೆ. ಗೊರಬಲು ಸೇರಿಸಿದ ಎರಡು ಸಾಲು, ಜೊತೆಗೊಂದು ಲಿಂಕು, ಮುನ್ನೂರು ಚಿಲ್ಲರೆ ಮಂಡಿಗಳಿಗೆ ತಲುಪಿತು. "ಇದ್ಯಾವ ಸ್ಕೀಮು ಮಾರಾಯ್ರೇ?" ಅಂತ ಫೋನು ಬರತೊಡಗಿದವು.

ಕೆಟ್ಟ ದಾರಿಗಳನ್ನು ಮೊದಲು ಹೇಳಿಬಿಡುತ್ತೇನೆ. ಮೇಲಿನ ಪ್ಲಾನ್ ತೆಗೆದುಕೊಂಡರೆ ನಿಲ್ಲುತ್ತದೆ ಅಂತ ಬೆಟ್ಟೆಗೆ ಮೂರು ತಿಂಗಳು ಹೆಚ್ಚು ಕಟ್ಟಿದೆವು. ಹದಿನೆಂಟು ಸಾವಿರದ ಆಸುಪಾಸು ಹೋಯಿತು, ಸಾಲು ಹಾಗೇ ಉಳಿಯಿತು. ಆಮೇಲೆ ರೆಪೊದ ಸೂಚನೆ ಫೈಲ್‌ನಲ್ಲಿ "ನಿನ್ನ ಹೆಸರು, ಲಿಂಕು ಹಾಕಬೇಡ" ಅಂತ ಬರೆದೆವು. ಹತ್ತರಲ್ಲಿ ಏಳೆಂಟು ಸಲ ಕೇಳುತ್ತದೆ. ಸೆಷನ್ ಉದ್ದವಾಗಿ ಹಳೆಯ ಮಾತುಕತೆ ಸಂಕ್ಷೇಪವಾದ ಮೇಲೆ ಮರೆಯುತ್ತದೆ. ಸೆಟ್ಟಿಂಗ್ ರಾಶಿಯಲ್ಲಿ ಕೆಲಸ ಮಾಡಿತು, ಆದರೆ ಕಮಿಟ್‌ಗೆ ಒಂದು, ಪುಲ್ ರಿಕ್ವೆಸ್ಟ್‌ಗೆ ಇನ್ನೊಂದು ಇತ್ತು. ಒಂದನ್ನು ಆಫ್ ಮಾಡಿ ಎರಡೂ ಆಯಿತು ಅಂದುಕೊಂಡಿದ್ದೆ. ಹೊಸ ಲ್ಯಾಪ್‌ಟಾಪ್ ಬಂದಾಗ ಅದೂ ಇಲ್ಲ.

ಗುಟ್ಟು ಇರುವುದು ಆ ಸಾಲು ಎಲ್ಲಿ ಹುಟ್ಟುತ್ತದೆ ಅನ್ನುವುದರಲ್ಲಿ. ಮೂರು ಕಡೆ ಹುಟ್ಟಬಹುದು. ಮಾಡೆಲ್ ತಾನೇ ಬರೆಯಬಹುದು, ಉಪಕರಣ ಕೊನೆಯಲ್ಲಿ ಅಂಟಿಸಬಹುದು, ಇಲ್ಲವೇ ಸರ್ವರ್ ಸೇರಿಸಬಹುದು. ಸೂಚನೆ ಫೈಲ್ ಮೊದಲನೆಯದಕ್ಕೆ ಮಾತ್ರ ಮದ್ದು. ಉಪಕರಣ ಅಂಟಿಸುವ ಸಾಲಿಗೆ ಮಾಡೆಲ್‌ಗೆ ಎಷ್ಟು ಬುದ್ಧಿ ಹೇಳಿದರೂ ಗೋಡೆಗೆ ಹೇಳಿದಂತೆ. ಅದಕ್ಕೇ ಸಹಾಯಕಗಳ ಬಾಯಿ ಮುಚ್ಚಿಸುವ ಆಸೆ ಬಿಟ್ಟು ನಮ್ಮ ಬಾಗಿಲಿಗೇ ಅಗುಳಿ ಹಾಕಿದೆ.

ಲ್ಯಾಪ್‌ಟಾಪ್‌ನ ಅಗುಳಿ ಕಮಿಟ್-ಎಂಎಸ್‌ಜಿ ಹುಕ್. ಸಂದೇಶದ ಫೈಲ್ ಯಾವುದು ಅನ್ನುವುದೊಂದೇ ಆರ್ಗ್ಯುಮೆಂಟ್, ಅದರಲ್ಲಿ ಸಾಲು ಕಿತ್ತು ಬರೆದರಾಯಿತು. ಆದರೆ ರಾಶಿ ಬಲು ಜಾಣ. ಪ್ರಿ-ಕಮಿಟ್‌ನ ಟೆಸ್ಟ್ ಸೋತರೆ ತಾನೇ ನೋ-ವೆರಿಫೈ (ಹುಕ್ ಓಡಿಸಬೇಡ ಅನ್ನುವ ಆಯ್ಕೆ) ಹಾಕಿ ಮತ್ತೆ ಕಮಿಟ್ ಮಾಡುತ್ತದೆ, ಆಗ ಕಮಿಟ್-ಎಂಎಸ್‌ಜಿಯೂ ಓಡುವುದಿಲ್ಲ. ಪ್ರಿಪೇರ್-ಕಮಿಟ್-ಎಂಎಸ್‌ಜಿಯನ್ನು ಮಾತ್ರ ನೋ-ವೆರಿಫೈ ತಡೆಯುವುದಿಲ್ಲ. ಈ ಸಹಾಯಕಗಳು ಎಡಿಟರ್ ತೆರೆಯದೆ ಸಂದೇಶವನ್ನು ಕಮಾಂಡಿನಲ್ಲೇ ಕೊಡುವುದರಿಂದ ಆ ಹೊತ್ತಿಗೆ ಸಂದೇಶ ಪೂರ್ತಿ ಫೈಲ್‌ನಲ್ಲಿರುತ್ತದೆ. ಹಾಗಾಗಿ ಒಂದೇ ಸ್ಕ್ರಿಪ್ಟನ್ನು ಎರಡೂ ಕಡೆ ಇಟ್ಟೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ.

ಕೋ-ಆಥರ್ಡ್-ಬೈ ಇದ್ದ ಸಾಲನ್ನೆಲ್ಲ ಕೀಳಬೇಡಿ. ನನ್ನ ಮೊದಲ ಸ್ಕ್ರಿಪ್ಟ್ ಹಾಗಿತ್ತು, ಜೊತೆಗೆ ಕೂತು ಬರೆದ ಮನುಷ್ಯರ ಹೆಸರೂ ಮೂರು ವಾರ ಮಾಯವಾಯಿತು. ಹೆಸರಿನ ಮೇಲೆ ಹಿಡಿದರೂ ನಿಲ್ಲುವುದಿಲ್ಲ, ಮಾಡೆಲ್ ಆವೃತ್ತಿ ಬದಲಾದ ಹಾಗೆ ಹೆಸರೂ ಬದಲಾಗುತ್ತದೆ. ಮೇಲ್ ವಿಳಾಸದ ಡೊಮೇನ್ ಹಿಡಿಯಿರಿ, ಅದು ಬದಲಾಗುವುದು ಅಪರೂಪ.

ಸಾಲಿನ ಮೊದಲಲ್ಲಿ ಬರುವ ರೋಬೋ ಎಮೋಜಿ ಒಳ್ಳೆಯ ಹಿಡಿಕೆ, ಆದರೆ ವಿಂಡೋಸ್‌ನ ಗಿಟ್ ಬ್ಯಾಶ್‌ನಲ್ಲಿ ಲೊಕೇಲ್ ಸರಿಯಿಲ್ಲದೆ ಗ್ರೆಪ್‌ಗೆ ಸಿಗಲಿಲ್ಲ. ಸಿಟ್ಟಿನಲ್ಲಿ "ಆಸ್ಕಿ ಅಲ್ಲದ ಅಕ್ಷರ ಇದ್ದರೆ ತಿರಸ್ಕರಿಸು" ಅಂತ ಬರೆದೆ. ಅವತ್ತು ಸಂಜೆಯೊಳಗೆ ಕನ್ನಡದಲ್ಲಿ ಬರೆದ ಕಮಿಟ್‌ಗಳೆಲ್ಲ ವಾಪಸ್. ಕೊನೆಗೆ ಲೊಕೇಲ್ ಅನ್ನು ಸಿ ಮಾಡಿ ಬೈಟ್‌ಗಳನ್ನೇ ಹಿಡಿದೆ. ಆ ಎಮೋಜಿ ಯುಟಿಎಫ್-8ರಲ್ಲಿ ಎಫ್0, 9ಎಫ್, ಎ4, 96. ಕನ್ನಡ ಅಕ್ಷರ ಶುರುವಾಗುವುದು ಇ0, ಬಿ2 ಅಥವಾ ಇ0, ಬಿ3ರಿಂದ. ಒಂದಕ್ಕೊಂದು ತಾಗುವುದಿಲ್ಲ.

ಹುಕ್ ಹಂಚುವುದೇ ದೊಡ್ಡ ತಲೆನೋವು. ಕ್ಲೋನ್ ಮಾಡಿದಾಗ ಹುಕ್ ಬರುವುದಿಲ್ಲ. ಹುಕ್‌ಗಳ ಫೋಲ್ಡರ್ ಎಲ್ಲಿದೆ ಅಂತ ಹೇಳುವ ಕೋರ್ ಡಾಟ್ ಹುಕ್ಸ್‌ಪಾತ್ ಸೆಟ್ಟಿಂಗ್ ಗಿಟ್ 2.9ರಿಂದ, ಅಂದರೆ 2016ರಿಂದ ಇದೆ. ಅದನ್ನು ಗ್ಲೋಬಲ್ ಆಗಿ ಹಾಕಿ ನಿರಾಳವಾಗಿದ್ದೆ. ಮೊಬೈಲ್ ಆ್ಯಪ್‌ನ ರೆಪೊದಲ್ಲಿ ಮಾತ್ರ ಸಾಲುಗಳು ಬರುತ್ತಲೇ ಇದ್ದವು. ಅಲ್ಲಿ ಹುಕ್ ನಿರ್ವಹಿಸುವ ಹಸ್ಕಿ ಅನ್ನುವ ಉಪಕರಣ ಇತ್ತು. ಹಸ್ಕಿ ತನ್ನದೇ ಹುಕ್ಸ್‌ಪಾತನ್ನು ರೆಪೊ ಮಟ್ಟದಲ್ಲಿ ಬರೆಯುತ್ತದೆ, ರೆಪೊದ್ದು ಗ್ಲೋಬಲ್‌ನದ್ದನ್ನು ಮೀರುತ್ತದೆ. ಅಂಥ ರೆಪೊದಲ್ಲಿ ಹಸ್ಕಿಯ ಫೋಲ್ಡರ್‌ನಿಂದಲೇ ನಮ್ಮ ಸ್ಕ್ರಿಪ್ಟ್ ಕರೆಯಬೇಕು. ವಿಂಡೋಸ್‌ನಲ್ಲಿ ಸಾಲಿನ ತುದಿ ಸಿಆರ್-ಎಲ್‌ಎಫ್ ಆಗಿ ಶೆಬ್ಯಾಂಗ್ ಕೆಡುತ್ತದೆ. ಹುಕ್ ಫೈಲ್‌ಗೆ ಎಕ್ಸ್‌ಟೆನ್ಶನ್ ಇರುವುದಿಲ್ಲವಾದ್ದರಿಂದ ಗಿಟ್‌ಆಟ್ರಿಬ್ಯೂಟ್ಸ್‌ನಲ್ಲಿ ಅದರ ಹೆಸರಿಗೇ ಎಲ್‌ಎಫ್ ನಿಯಮ ಬರೆಯಬೇಕು. ಮ್ಯಾಕ್‌ನ ಸೆಡ್ ಬೇರೆ ಜಾತಿ. ನಾನು ಸೆಡ್ ಬಿಟ್ಟು ಪರ್ಲ್‌ಗೆ ಹೋದೆ, ಜಗಳ ಮುಗಿಯಿತು.

ಗೊರಬಲು ಕಮಿಟ್ ಮಾಡುವುದು ಅದರ ಕಂಪನಿಯ ಯಂತ್ರದಲ್ಲಿ, ಅಲ್ಲಿ ನಮ್ಮ ಹುಕ್ ಎಲ್ಲಿಂದ ಬಂತು? ಅದಕ್ಕೆ ಸರ್ವರ್ ಬಾಗಿಲು ಬೇಕು, ಪುಶ್ ಒಪ್ಪಿಕೊಳ್ಳುವ ಮೊದಲು ಸರ್ವರ್‌ನಲ್ಲಿ ಓಡುವ ಪ್ರಿ-ರಿಸೀವ್ ಹುಕ್. ಗಿಟ್‌ಹಬ್ ಡಾಟ್ ಕಾಮ್‌ನಲ್ಲಿ ನಮ್ಮದೇ ಪ್ರಿ-ರಿಸೀವ್ ಹಾಕಲು ಬರುವುದಿಲ್ಲ, ಎಂಟರ್‌ಪ್ರೈಸ್ ಸರ್ವರ್ ಇದ್ದವರಿಗೆ ಮಾತ್ರ. ಆದ್ದರಿಂದ ಮುಖ್ಯ ರೆಪೊವನ್ನು ನಮ್ಮದೇ ಬೇರ್ ರೆಪೊ (ಕೆಲಸದ ಫೈಲ್‌ಗಳಿಲ್ಲದೆ ಇತಿಹಾಸ ಮಾತ್ರ ಇರುವುದು) ಮಾಡಿದೆವು. ಗಿಟ್‌ಹಬ್ ಈಗ ಪರಿಶೀಲನೆಗೆ ಮಾತ್ರ, ಮುಖ್ಯ ಬ್ರಾಂಚ್ ಅಲ್ಲಿಗೆ ಪ್ರತಿಯಾಗಿ ಹೋಗುತ್ತದೆ. ಮೊದಲು ಆಫೀಸಿನ ಹಳೇ ಡೆಸ್ಕ್‌ಟಾಪ್‌ನಲ್ಲಿಟ್ಟೆವು. ಆಷಾಢದ ಮಳೆಗೆ ಲೈನ್ ಮೇಲೆ ಮರ ಬಿದ್ದರೆ ಕರೆಂಟೂ ಇಲ್ಲ ನೆಟ್ಟೂ ಇಲ್ಲ, ತೀರ್ಥಹಳ್ಳಿಯಲ್ಲಿ ಮನೆಯಿಂದ ಕೆಲಸ ಮಾಡುವವನಿಗೆ ಎರಡು ದಿನ ಪುಶ್ಶೇ ಆಗಲಿಲ್ಲ. ತಿಂಗಳಿಗೆ ಆರುನೂರು ರೂಪಾಯಿಯ ಬಾಡಿಗೆ ಸರ್ವರ್‌ಗೆ ಸಾಗಿಸಿದೆವು.

ಪ್ರಿ-ರಿಸೀವ್‌ಗೆ ಹಳೆ ಹ್ಯಾಶ್, ಹೊಸ ಹ್ಯಾಶ್, ರೆಫ್ ಹೆಸರು ಸ್ಟ್ಯಾಂಡರ್ಡ್ ಇನ್‌ಪುಟ್‌ನಲ್ಲಿ ಬರುತ್ತವೆ. ಎಲ್ಲರೂ ಎಡವುವುದು ಹೊಸ ಬ್ರಾಂಚಿನಲ್ಲಿ. ಆಗ ಹಳೆ ಹ್ಯಾಶ್ ನಲವತ್ತು ಸೊನ್ನೆ, ಹಳೆಯದರಿಂದ ಹೊಸದಕ್ಕೆ ಅಂತ ರೆವ್-ಲಿಸ್ಟ್ ಕೇಳಿದರೆ ಎರರ್. ಹೊಸ ಹ್ಯಾಶ್ ಕೊಟ್ಟು ಮುಂದೆ ನಾಟ್, ಆಲ್ ಎರಡೂ ಆಯ್ಕೆ ಹಾಕಿ. ಸರ್ವರ್‌ನಲ್ಲಿ ಇನ್ನೂ ಇಲ್ಲದ ಕಮಿಟ್‌ಗಳಷ್ಟೇ ಬರುತ್ತವೆ. ಬ್ರಾಂಚ್ ಅಳಿಸುವಾಗ ಹೊಸ ಹ್ಯಾಶ್ ಸೊನ್ನೆ, ಅದನ್ನು ದಾಟಿಸಿ. ಇಲ್ಲಿ ಸಾಲು ಕೀಳುವ ಆಸೆ ಬೇಡ, ಕಿತ್ತರೆ ಹ್ಯಾಶ್ ಬದಲಾಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಕೀಳು, ಸರ್ವರ್‌ನಲ್ಲಿ ವಾಪಸ್ ಕಳಿಸು, ಅಷ್ಟೇ.

ಬ್ರಾಂಚಿನ ಕಮಿಟ್‌ಗಳನ್ನೆಲ್ಲ ಒಂದೇ ಮಾಡಿ ಸೇರಿಸುವ ಗಿಟ್‌ಹಬ್‌ನ ಸ್ಕ್ವಾಶ್ ಮರ್ಜ್ ಬಟನ್‌ಗೆ ನಮ್ಮಲ್ಲಿ ಈಗ ಕೈ ಹಾಕುವಂತಿಲ್ಲ. ಅದು ಒಳಗಿನ ಕಮಿಟ್‌ಗಳ ಕರ್ತೃಗಳನ್ನೆಲ್ಲ ಕೋ-ಆಥರ್ಡ್-ಬೈ ಮಾಡಿ ಸೇರಿಸುತ್ತದೆ. ಸಂದೇಶಕ್ಕೆ ವಿವರಣೆ ಬಳಸುವ ಆಯ್ಕೆ ಇದ್ದರೆ ಅಲ್ಲಿನ ಜಾಹೀರಾತೂ ಇತಿಹಾಸಕ್ಕೆ ಇಳಿಯುತ್ತದೆ.

ಪುಲ್ ರಿಕ್ವೆಸ್ಟ್ ವಿವರಣೆಯದ್ದೇ ಬೇರೆ ಕತೆ. ಸ್ಕ್ರಿಪ್ಟ್‌ಗಳನ್ನು ತಾನೇ ಓಡಿಸುವ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಪುಲ್ ರಿಕ್ವೆಸ್ಟ್ ಇವೆಂಟ್ ಸುಮ್ಮನೆ ಹಾಕಿದರೆ ಓಪನ್ಡ್, ಸಿಂಕ್ರೊನೈಸ್, ರಿಓಪನ್ಡ್ ಮೂರಕ್ಕೇ ಓಡುತ್ತದೆ. ಗೊರಬಲು ತೆರೆಯುವಾಗ ಸಾಧುವಾಗಿ ತೆರೆದು ಆಮೇಲೆ ವಿವರಣೆ ತಿದ್ದುತ್ತಿತ್ತು. ಎಡಿಟೆಡ್ ಅನ್ನು ಕೈಯಾರೆ ಸೇರಿಸಬೇಕು. ಯಾರು ತಿದ್ದಿದರು ಅನ್ನುವುದು ವಿವರಣೆಯ ಮೇಲಿನ "ಎಡಿಟೆಡ್" ಒತ್ತಿದರೆ ಸಿಗುತ್ತದೆ. ಸೇರಿಸಿದ ತುಣುಕಿನ ಹಿಂದೆ ಮುಂದೆ ಕಣ್ಣಿಗೆ ಕಾಣದ ಎಚ್‌ಟಿಎಂಎಲ್ ಕಾಮೆಂಟ್ ಗುರುತು ಇತ್ತು, ಕತ್ತರಿಸಲು ಅದೇ ಅಳತೆಗೋಲಾಯಿತು. ವಿವರಣೆಯನ್ನು ಸ್ಕ್ರಿಪ್ಟ್ ಒಳಗೆ ನೇರ ಸುರಿಯಬೇಡಿ, ಎನ್ವಿರಾನ್ಮೆಂಟ್ ವೇರಿಯೇಬಲ್ ಮೂಲಕ ಕೊಡಿ. ಇಲ್ಲದಿದ್ದರೆ ವಿವರಣೆಯಲ್ಲಿ ಬರೆದ ಕಮಾಂಡ್ ನಿಮ್ಮ ಯಂತ್ರದಲ್ಲೇ ಓಡುತ್ತದೆ.

ಕತ್ತರಿಸಿದ ವಿವರಣೆಯನ್ನು ವಾಪಸ್ ಬರೆಯಲು ನನ್ನ ಸ್ವಂತ ಟೋಕನ್ ಹಾಕಿದ್ದು ನನ್ನದೇ ಪೆದ್ದುತನ. ತಿದ್ದಿದರೆ ಎಡಿಟೆಡ್, ಎಡಿಟೆಡ್ ಆದರೆ ಮತ್ತೆ ಓಟ. ನನ್ನ ಸ್ಕ್ರಿಪ್ಟ್ ಪ್ರತಿ ಸಲ ತುದಿಗೊಂದು ಖಾಲಿ ಸಾಲು ಸೇರಿಸುತ್ತಿದ್ದರಿಂದ ಕೊನೆಯೇ ಇಲ್ಲ. ಊಟ ಮುಗಿಸಿ ಬರುವಷ್ಟರಲ್ಲಿ ತೊಂಬತ್ತು ಓಟ. ಪ್ರತಿ ಜಾಬ್ ಪೂರ್ತಿ ನಿಮಿಷಕ್ಕೆ ಲೆಕ್ಕ, ಉಚಿತ ಖಾತೆಯ ಖಾಸಗಿ ರೆಪೊಗಳಿಗೆ ತಿಂಗಳಿಗೆ 2,000 ನಿಮಿಷವೇ ಇರುವುದು. ವರ್ಕ್‌ಫ್ಲೋ ಜೊತೆಗೇ ಬರುವ ಗಿಟ್‌ಹಬ್ ಟೋಕನ್‌ನಿಂದ ತಿದ್ದಿದರೆ ಹೊಸ ಓಟ ಶುರುವಾಗುವುದಿಲ್ಲ. ಅದನ್ನೇ ಬಳಸಿ.

ಇನ್ನು ಕೋಡ್ ಒಳಗಿನ ಕಾಮೆಂಟು, ರೀಡ್‌ಮಿಯ ಬ್ಯಾಡ್ಜು. ಇಲ್ಲಿ ಪದಗಳ ಪಟ್ಟಿಗಿಂತ ಚೆನ್ನಾಗಿ ಕೆಲಸ ಮಾಡಿದ್ದು ಒಂದೇ ನಿಯಮ: ಹೊಸದಾಗಿ ಸೇರಿದ ಸಾಲಿನ ಲಿಂಕಿನಲ್ಲಿ ಯುಟಿಎಂ ಗುರುತು ಇದ್ದರೆ ವಾಪಸ್. ಜಾಹೀರಾತು ಹಾಕುವವನಿಗೆ ಕ್ಲಿಕ್ ಎಲ್ಲಿಂದ ಬಂತು ಅನ್ನುವ ಲೆಕ್ಕ ಬೇಕೇ ಬೇಕು, ಆ ದುರಾಸೆಯೇ ಹಿಡಿದುಕೊಡುತ್ತದೆ. ನಮ್ಮ ಪ್ರಚಾರದ ಫೋಲ್ಡರ್ ಒಂದಕ್ಕೆ ವಿನಾಯಿತಿ ಕೊಟ್ಟಿದ್ದೇನೆ. ಪದಪಟ್ಟಿಯ ಫೈಲ್ ತನ್ನದೇ ನಿಯಮಕ್ಕೆ ಸಿಕ್ಕಿ ಕಮಿಟ್ ಆಗಲಿಲ್ಲ, ಅದಕ್ಕೂ ವಿನಾಯಿತಿ. ಪಟ್ಟಿ ಇಲ್ಲಿ ಕೊಡುವುದಿಲ್ಲ. ಯುಟಿಎಂ ಇಲ್ಲದ ಲಿಂಕನ್ನು ಹೇಗೆ ಹಿಡಿಯುತ್ತೇನೆ ಅನ್ನುವುದನ್ನೂ ಇಟ್ಟುಕೊಳ್ಳುತ್ತೇನೆ.

ನಡುವೆ ಒಂದು ಹುಚ್ಚು ಪ್ರಯೋಗ. ಸಣ್ಣ ಮಾಡೆಲ್ ಒಂದನ್ನು 8 ಜಿಬಿಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ "ಇದು ಜಾಹೀರಾತಾ?" ಅಂತ ಪ್ರತಿ ಡಿಫ್‌ಗೂ ಕೇಳಿಸಿದೆ. ಕಮಿಟ್‌ಗೆ ನಲವತ್ತು ಸೆಕೆಂಡ್. ಅದು ಹಿಡಿದದ್ದು "ಇಂದಿನ ಬೆಟ್ಟೆ ದರ", "ಸರಕು ಖರೀದಿ", "ಕಮಿಷನ್ ಶೇಕಡಾ" ಅನ್ನುವ ನಮ್ಮದೇ ಪರದೆ ಬರಹಗಳನ್ನು. ಮಂಡಿ ಸಾಫ್ಟ್‌ವೇರ್‌ನಲ್ಲಿ ಯಾವ ಸಾಲು ಜಾಹೀರಾತಿನ ಹಾಗೆ ಕಾಣಲ್ಲ ಹೇಳಿ! ನಾಲ್ಕು ದಿನಕ್ಕೆ ಕೈಬಿಟ್ಟೆ.

ಹಳೆಯ ಇನ್ನೂರು ಚಿಲ್ಲರೆ ಕಮಿಟ್‌ಗಳನ್ನು ಇತಿಹಾಸವನ್ನೇ ಮತ್ತೆ ಬರೆಯುವ ಫಿಲ್ಟರ್-ರೆಪೊ ಹಾಕಿ ತೊಳೆಯಬಹುದಿತ್ತು. ಪ್ರತಿಯ ಮೇಲೆ ಮಾಡಿ ನೋಡಿದೆ, ಮೊದಲ ಕೊಳಕು ಕಮಿಟ್‌ನಿಂದ ಈಚೆಗೆ ಎಲ್ಲ ಹ್ಯಾಶ್ ಬೇರೆ, ಸಹಿ ಹಾಕಿದ ಕಮಿಟ್‌ಗಳ ಸಹಿ ಹೋಯಿತು, ಎಲ್ಲರೂ ಮತ್ತೆ ಕ್ಲೋನ್ ಮಾಡಬೇಕು. ಬೇಡ ಅಂತ ಬಿಟ್ಟೆ.

ಎಐ ಬಳಸಿದ್ದನ್ನು ಮುಚ್ಚಿಡುವುದು ಉದ್ದೇಶವಲ್ಲ. ಹುಕ್ ಆ ಸಾಲು ಕಿತ್ತ ಜಾಗದಲ್ಲಿ ಅಸಿಸ್ಟೆಡ್-ಬೈ ಅಂತ ನಮ್ಮದೇ ಸಾಲು ಹಾಕುತ್ತದೆ. ಯಾವ ಮಾಡೆಲ್ ಅಂತಿರುತ್ತದೆ, ಮೇಲ್ ವಿಳಾಸ, ಲಿಂಕು, ಎಮೋಜಿ ಇರುವುದಿಲ್ಲ. ಬಗ್ ಹುಡುಕುವಾಗ ಇದು ಉಪಯೋಗಕ್ಕೆ ಬಂದಿದೆ.

ಖರ್ಚು ಒಟ್ಟು ಹೇಳುವುದಾದರೆ ದಂಡವಾದ ಪ್ಲಾನ್ ಬಿಟ್ಟು ಸರ್ವರ್ ಬಾಡಿಗೆ, ನನ್ನ ಹತ್ತು ಹನ್ನೆರಡು ದಿನ. ಸ್ಕ್ರಿಪ್ಟ್ ಎಲ್ಲ ಸೇರಿ ನೂರೈವತ್ತು ಸಾಲು ದಾಟಿಲ್ಲ.

ಇನ್ನೂ ಸಿಗದೆ ಉಳಿದಿರುವುದು ಹೆಸರೇ ಹಾಕದ ಜಾಹೀರಾತು. ಎಸ್‌ಕ್ಯುಲೈಟ್‌ನಲ್ಲಿ ನಡೆಯುವ ಕೆಲಸಕ್ಕೆ ತಿಂಗಳ ಬಾಡಿಗೆಯ ಕ್ಲೌಡ್ ಡೇಟಾಬೇಸ್ ಸೂಚಿಸಿ, ಅದರ ಲೈಬ್ರರಿಯನ್ನು ಪ್ಯಾಕೇಜ್ ಫೈಲ್‌ಗೆ ಸೇರಿಸಿಯೇಬಿಡುವುದು. ಅದು ಜಾಹೀರಾತೋ ಸಲಹೆಯೋ ಹುಕ್‌ಗೆ ಹೇಗೆ ಗೊತ್ತಾಗಬೇಕು? ಸದ್ಯಕ್ಕೆ ಡಿಪೆಂಡೆನ್ಸಿ ಪಟ್ಟಿಗೆ ಹೊಸ ಸಾಲು ಬಂದರೆ ಪ್ರಿ-ರಿಸೀವ್ ತಡೆಯುತ್ತದೆ. ಸಂದೇಶದಲ್ಲಿ "ಯಾಕೆ ಬೇಕು" ಅಂತ ಕನ್ನಡದಲ್ಲಿ ಒಂದು ಸಾಲು ಇದ್ದರೆ ಮಾತ್ರ ಬಿಡುತ್ತದೆ. ಕಳೆದ ವಾರ ರಾಶಿ ಆ ಸಾಲನ್ನೂ ಕನ್ನಡದಲ್ಲಿ ತಾನೇ ಬರೆದು ಒಳಗೆ ಬಂತು.