ಎರಡು ನಡೆಯ ಒಗಟು ಹೆಣೆಯುವ ಪ್ರೋಗ್ರಾಂ: ನನ್ನ ಅನುಭವ

ಶಿರಸಿಯಲ್ಲಿ ಶನಿವಾರ ಸಂಜೆ ನನ್ನಲ್ಲಿಗೆ ಚದುರಂಗ ಕಲಿಯಲು ಬರುವ ಮಕ್ಕಳಿಗೆ ಪುಸ್ತಕದ ಒಗಟುಗಳ ಉತ್ತರವೆಲ್ಲ ಬಾಯಿಪಾಠವಾಗಿತ್ತು. ಮಲೇಷ್ಯಾದ ಸಂಶೋಧಕ ಅಜ್ಲಾನ್ ಇಕ್ಬಾಲ್ ಅವರು ರೂಪಿಸಿದ ಚೆಸ್ತೆಟಿಕಾ ಎಂಬ ಪ್ರೋಗ್ರಾಂ ತಾನಾಗಿಯೇ ಒಗಟು ರಚಿಸುತ್ತದೆ ಎಂದು ಓದಿದ್ದೆ. ಅಷ್ಟು ದೊಡ್ಡ ಕೆಲಸ ನನ್ನಿಂದಾಗದಿದ್ದರೂ, ಬಿಳಿಯ ಪಕ್ಷ ಎರಡೇ ನಡೆಯಲ್ಲಿ ಚೆಕ್‌ಮೇಟ್ ಮಾಡುವ, ಅಂದರೆ ದಾಳಿಗೊಳಗಾದ ಎದುರಾಳಿ ರಾಜನಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಂತೆ ಮಾಡುವ, ಒಗಟುಗಳನ್ನು ಹೆಣೆಯುವ ಪ್ರೋಗ್ರಾಂ ಒಂದನ್ನು ಕಳೆದ ಮಳೆಗಾಲದಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದೆ.

ಕಾಯಿಗಳನ್ನು ಮನಬಂದಂತೆ ಹರಡಿ, ನಿಯಮಕ್ಕೆ ಒಪ್ಪದ ಸ್ಥಿತಿಗಳನ್ನು ಕೈಬಿಟ್ಟು, ಉಳಿದವುಗಳಲ್ಲಿ ಮೇಟ್ ಹುಡುಕುವುದು ಸುಲಭ. ಆಷಾಢದ ಮಳೆಯಲ್ಲಿ ಕರೆಂಟು ಹೋಗಿ ರಾತ್ರಿಯಿಡೀ ಓಡಿದ ಲೆಕ್ಕ ಎರಡು ಬಾರಿ ಅಳಿಸಿಹೋದ ಮೇಲೆ, ಸಿಕ್ಕ ಪ್ರತಿಯೊಂದು ಸ್ಥಿತಿಯನ್ನೂ ಕೂಡಲೇ ಕಡತಕ್ಕೆ ಬರೆಸತೊಡಗಿದೆ.

ನಿಜವಾದ ತೊಡಕು ಎರಡನೆಯ ಉತ್ತರದ್ದು. ಒಗಟಿನ ಮೊದಲ ನಡೆ, ಅಂದರೆ ಕೀಲಿನಡೆ, ಒಂದೇ ಇರಬೇಕು. ಇನ್ನೊಂದು ನಡೆಯಿಂದಲೂ ಅಷ್ಟರಲ್ಲೇ ಮೇಟ್ ಆಗುವುದಾದರೆ ಆ ಒಗಟು ಕೆಟ್ಟಿತೆಂದೇ ಅರ್ಥ. ಹಲಗೆಯ ಉದ್ದಸಾಲುಗಳನ್ನು ಎಡದಿಂದ ಎ, ಬಿ, ಸಿ ಎಂದು ಎಚ್‌ವರೆಗೆ, ಅಡ್ಡಸಾಲುಗಳನ್ನು ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಗುರುತಿಸುತ್ತಾರೆ. ಬಿಳಿ ರಾಜ ಸಿ6ರಲ್ಲಿ, ಬಿಳಿ ಆನೆ ಎಚ್1ರಲ್ಲಿ, ಕರಿ ರಾಜ ಎ8ರಲ್ಲಿ ಇದ್ದಾರೆನ್ನಿ. ಬಿಳಿ ರಾಜ ಸಿ7ಕ್ಕೆ ಬಂದರೆ ಕರಿಯ ರಾಜನಿಗೆ ಎ7 ಬಿಟ್ಟು ಬೇರೆ ಮನೆಯಿಲ್ಲ, ಆಗ ಆನೆ ಎ1ಕ್ಕೆ ಹೋದರೆ ಮೇಟ್. ಆದರೆ ಬಿಳಿ ರಾಜ ಬಿ6ಕ್ಕೆ ಹೋದರೂ ಕರಿಯ ರಾಜ ಬಿ8ಕ್ಕೇ ಸರಿಯಬೇಕು, ಆನೆ ಎಚ್8ರಲ್ಲಿ ಮುಗಿಸುತ್ತದೆ. ಅದೇ ಆನೆಯನ್ನು ಬಿ1ರಲ್ಲಿಟ್ಟು ನೋಡಿ: ಬಿ6ಕ್ಕೆ ಬಂದ ರಾಜ ಆನೆಯ ದಾರಿಗೇ ಅಡ್ಡ ನಿಲ್ಲುವುದರಿಂದ ಎರಡನೆಯ ಉತ್ತರ ಬಿದ್ದುಹೋಗಿ ಸಿ7 ಒಂದೇ ಉಳಿಯುತ್ತದೆ. ಪ್ರೋಗ್ರಾಂ ತಾನೇ ಕಾಯಿ ಸರಿಸಿ ಸರಿಸಿ ಇದನ್ನು ಕಂಡುಕೊಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದು ಮೇಟ್ ಸಿಕ್ಕೊಡನೆ ಹುಡುಕಾಟ ನಿಲ್ಲಿಸಿದರೆ ಈ ದೋಷ ಕಣ್ಣಿಗೆ ಬೀಳುವುದೇ ಇಲ್ಲವಾದ್ದರಿಂದ, ಮೊದಲ ನಡೆಗಳನ್ನೆಲ್ಲ ಒಂದೂ ಬಿಡದೆ ಪರೀಕ್ಷಿಸಲೇಬೇಕು.

ಅಂದವನ್ನು ಅಳೆಯುವುದು ಇದಕ್ಕಿಂತ ಕಷ್ಟದ್ದು. ಕೀಲಿನಡೆಯೇ ಚೆಕ್ (ರಾಜನ ಮೇಲೆ ನೇರ ದಾಳಿ) ಆಗಿದ್ದರೆ ಅಥವಾ ಕಾಯಿ ಹೊಡೆಯುವಂತಿದ್ದರೆ ಅಂಕ ಕಳೆದೆ, ರಾಣಿಯನ್ನೋ ಆನೆಯನ್ನೋ ಬಲಿಕೊಟ್ಟರೆ ಕೂಡಿಸಿದೆ. ಹಾಗೆ ಅತಿ ಹೆಚ್ಚು ಅಂಕ ಪಡೆದ, ಹನ್ನೊಂದು ಕಾಯಿಗಳ ಒಗಟನ್ನು ಹೆಮ್ಮೆಯಿಂದ ಮಕ್ಕಳ ಮುಂದಿಟ್ಟಾಗ ಆರನೇ ತರಗತಿಯ ಹುಡುಗಿಯೊಬ್ಬಳು, "ಸರ್, ಈ ಕುದುರೆ ಎಂತಕ್ಕೆ?" ಎಂದು ಕೇಳಿ, ಅದನ್ನು ಎತ್ತಿ ಬದಿಗಿಟ್ಟಳು. ಉತ್ತರ ಒಂದಿಷ್ಟೂ ಬದಲಾಗಲಿಲ್ಲ.

ಅಂದೇ ರಾತ್ರಿ ಇನ್ನೊಂದು ಪರೀಕ್ಷೆ ಸೇರಿಸಿದೆ. ರಾಜರಿಬ್ಬರನ್ನು ಬಿಟ್ಟು ಪ್ರತಿ ಕಾಯಿಯನ್ನೂ ಒಂದೊಂದಾಗಿ ತೆಗೆದು ನೋಡುವುದು; ಅದೇ ಕೀಲಿನಡೆ, ಅದೊಂದೇ, ಉಳಿದರೆ ಆ ಕಾಯಿಯನ್ನು ಕೈಬಿಡುವುದು. ಎರಡನೆಯ ಉತ್ತರವನ್ನು ತಡೆಯಲೆಂದೇ ನಿಂತ ಕರಿಯ ಕಾಲಾಳುಗಳು ಈ ಪರೀಕ್ಷೆಯಲ್ಲಿ ಉಳಿದುಕೊಳ್ಳುತ್ತವೆ, ಉಳಿಯಲೂಬೇಕು. ಹನ್ನೊಂದು ಕಾಯಿಗಳ ಆ ಒಗಟು ಏಳಕ್ಕೆ ಇಳಿಯಿತು. ಮುಂದಿನ ಶನಿವಾರ ಅದನ್ನು ಮತ್ತೆ ಹಲಗೆಯ ಮೇಲೆ ಜೋಡಿಸಿದಾಗ ಆಕೆ ಒಂದೊಂದು ಕಾಯಿಯನ್ನೂ ಎತ್ತಿ ನೋಡಿ, ಎಲ್ಲವನ್ನೂ ಅದರದರ ಮನೆಯಲ್ಲೇ ಮರಳಿ ಇಟ್ಟಳು.