ಎಲ್ಲ ಕೆಲಸವೂ ಬ್ರೌಸರ್‌ನಲ್ಲೇ: ಖಾಸಗಿತನ ಉಳಿಸಿಕೊಳ್ಳಲು ನಾನು ಮಾಡಿಕೊಂಡ ಏರ್ಪಾಡು

ಮೇಲ್, ಬರವಣಿಗೆ, ಲೆಕ್ಕ, ಮೀಟಿಂಗ್, ನನ್ನದೆಲ್ಲ ಬ್ರೌಸರ್‌ನಲ್ಲೇ ನಡೆಯುತ್ತದೆ. ಅನುಕೂಲವೇನೋ ಜಾಸ್ತಿ. ಆದರೆ ಎಲ್ಲವೂ ಒಂದೇ ಕಡೆ ಇದ್ದರೆ ನಮ್ಮನ್ನು ಹಿಂಬಾಲಿಸುವವರಿಗೂ ಸುಲಭ ಅಲ್ವಾ? ಹಾಗಾಗಿ ಮೊದಲು ಒಂದೊಂದನ್ನೂ ಬೇರೆ ಬೇರೆ ಮಾಡಿದೆ.

ನಾನು ಬಳಸುವುದು ಫೈರ್‌ಫಾಕ್ಸ್. 2022ರಿಂದ ಅದು ಒಂದು ಸೈಟಿನ ಕುಕ್ಕಿಗಳು (ನಮ್ಮನ್ನು ಗುರುತಿಡಲು ಸೈಟುಗಳು ಬ್ರೌಸರ್‌ನಲ್ಲಿ ಇಡುವ ಚಿಕ್ಕ ದಾಖಲೆಗಳು) ಇನ್ನೊಂದು ಸೈಟಿನಲ್ಲಿ ಬಳಕೆಯಾಗದಂತೆ ತಾನಾಗಿಯೇ ತಡೆಯುತ್ತದೆ. ಆದರೂ ಒಂದೇ ಕಂಪನಿಯ ಮೇಲ್, ಹುಡುಕಾಟ, ವಿಡಿಯೊ ಎಲ್ಲ ಒಂದೇ ಲಾಗಿನ್‌ಗೆ ಸೇರಿಕೊಳ್ಳುತ್ತವೆ. ಅದಕ್ಕೆ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದ್ದೇ ಆದ ಮಲ್ಟಿ-ಅಕೌಂಟ್ ಕಂಟೇನರ್ಸ್ ಹಾಕಿಕೊಂಡೆ. ಟ್ಯಾಬುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಇಟ್ಟ ಹಾಗೆ ಇದು ಲಾಗಿನ್‌ಗಳನ್ನು ಬೇರ್ಪಡಿಸುತ್ತದೆ. ಮೇಲ್ ಒಂದು ಕಂಟೇನರ್‌ನಲ್ಲಿ, ಬ್ಯಾಂಕ್ ಇನ್ನೊಂದರಲ್ಲಿ. ಹುಡುಕಾಟ ಮಾತ್ರ ಲಾಗಿನ್ ಇಲ್ಲದ ಟ್ಯಾಬಿನಲ್ಲಿ. ಕಂಟೇನರ್‌ಗಳಲ್ಲಿ ಕುಕ್ಕಿಗಳು ಬೇರೆಯಾದರೂ ಹಿಸ್ಟರಿ ಮತ್ತು ಎಕ್ಸ್‌ಟೆನ್ಶನ್‌ಗಳು (ಬ್ರೌಸರ್‌ಗೆ ನಾವು ಸೇರಿಸುವ ಚಿಕ್ಕ ತಂತ್ರಾಂಶಗಳು) ಎಲ್ಲಕ್ಕೂ ಒಂದೇ, ಇಂಟರ್ನೆಟ್‌ನಲ್ಲಿ ನಮ್ಮ ಸಂಪರ್ಕವನ್ನು ಗುರುತಿಸುವ ಐಪಿ ವಿಳಾಸವೂ ಅದೇ. ಹಿಸ್ಟರಿ, ಎಕ್ಸ್‌ಟೆನ್ಶನ್‌ಗಳಾದರೂ ಬೇರೆಯಾಗಲಿ ಎಂದು ಆಫೀಸಿನ ಕೆಲಸಕ್ಕೆ ಫೈರ್‌ಫಾಕ್ಸ್‌ನಲ್ಲೇ ಪ್ರತ್ಯೇಕ ಪ್ರೊಫೈಲ್ ಮಾಡಿದ್ದೇನೆ; ಐಪಿ ವಿಳಾಸ ಮಾತ್ರ ಆಗಲೂ ಅದೇ.

ನನಗೆ ಹೆಚ್ಚು ಭಯ ಎಕ್ಸ್‌ಟೆನ್ಶನ್‌ಗಳದ್ದು. "ಎಲ್ಲ ಸೈಟುಗಳ ಡೇಟಾ ಓದಲು, ಬದಲಿಸಲು ಅನುಮತಿ ಕೊಡಿ" ಎಂದು ಒಂದು ಕೇಳಿತು ಅಂದುಕೊಳ್ಳಿ. ಬ್ರೌಸರ್‌ನಲ್ಲೇ ಬದುಕುವವರು ಅದಕ್ಕೆ ಒಪ್ಪಿದರೆ ಮೇಲ್, ಕಡತ, ಬ್ಯಾಂಕ್ ಪುಟ ಎಲ್ಲವನ್ನೂ ಒಪ್ಪಿಸಿದ ಹಾಗೆಯೇ. ಇವತ್ತು ಒಳ್ಳೆಯವರ ಕೈಯಲ್ಲಿರುವುದು ನಾಳೆ ಬೇರೆಯವರಿಗೆ ಮಾರಾಟವಾಗಬಹುದು. ದಿ ಗ್ರೇಟ್ ಸಸ್ಪೆಂಡರ್ ಎಂಬ ಜನಪ್ರಿಯ ಎಕ್ಸ್‌ಟೆನ್ಶನ್ 2020ರಲ್ಲಿ ಹೀಗೇ ಕೈ ಬದಲಾಯಿಸಿತು. 2021ರಲ್ಲಿ ಅದರಲ್ಲಿ ಮಾಲ್‌ವೇರ್ (ಹಾನಿ ಮಾಡುವ ತಂತ್ರಾಂಶ) ಇದೆಯೆಂದು ಗೂಗಲ್ ಅದನ್ನು ತನ್ನ ಕ್ರೋಮ್ ಬ್ರೌಸರ್‌ನಿಂದ ತೆಗೆದುಹಾಕಿತು. ಕಂಟೇನರ್ಸ್ ಬಿಟ್ಟರೆ ನಾನು ಇಟ್ಟುಕೊಂಡಿರುವುದು ಎರಡೇ: ಜಾಹೀರಾತು, ಟ್ರ್ಯಾಕರ್ ತಡೆಯಲು ಯುಬ್ಲಾಕ್ ಒರಿಜಿನ್, ಪಾಸ್‌ವರ್ಡ್‌ಗಳಿಗೆ ಬಿಟ್‌ವಾರ್ಡನ್. ಚಂದದ ಥೀಮ್, ಕೂಪನ್ ಹುಡುಕುವವು, ಸ್ಕ್ರೀನ್‌ಶಾಟ್ ತೆಗೆಯುವವು ಯಾವುದೂ ಬೇಡ. ಸ್ಕ್ರೀನ್‌ಶಾಟ್ ಫೈರ್‌ಫಾಕ್ಸ್‌ನಲ್ಲೇ ಇದೆ.

ಪ್ರೈವೇಟ್ ವಿಂಡೋವನ್ನು ನಾನು ಹೆಚ್ಚು ನಂಬುವುದಿಲ್ಲ. ನಮ್ಮ ಕಂಪ್ಯೂಟರಿನಲ್ಲಿ ಹಿಸ್ಟರಿ ಉಳಿಯುವುದಿಲ್ಲ, ಅಷ್ಟೇ. ಇಂಟರ್ನೆಟ್ ಕೊಡುವವರಿಗೆ ನಾವು ಯಾವ ಸೈಟಿಗೆ ಹೋದೆವು ಅನ್ನುವುದು ಆಗಲೂ ತಿಳಿಯಬಹುದು.

ಇಷ್ಟೆಲ್ಲ ಹೊರಗಿನವರನ್ನು ತಡೆಯುತ್ತದೆ. ನಾವು ಬರೆದದ್ದನ್ನು ಇಟ್ಟುಕೊಂಡಿರುವ ಸರ್ವರ್‌ನವರೇ ಓದಬಲ್ಲರು ಅಂದರೆ? ಅವರೂ ಓದಬಾರದ ಬರವಣಿಗೆಗೆ ಕ್ರಿಪ್ಟ್‌ಪ್ಯಾಡ್ ಎಂಬ ಆನ್‌ಲೈನ್ ಬರವಣಿಗೆ ಸೇವೆ ಬಳಸುತ್ತೇನೆ. ಬರೆದದ್ದು ಬ್ರೌಸರ್‌ನಲ್ಲೇ ಎನ್‌ಕ್ರಿಪ್ಟ್ ಆಗಿ, ಅಂದರೆ ಬೀಗ ಹಾಕಿದಂತೆ ಗೂಢಲಿಪಿಯಾಗಿ, ಸರ್ವರ್‌ಗೆ ಹೋಗುತ್ತದೆ. ಹಂಚಿಕೊಳ್ಳುವ ಲಿಂಕಿನಲ್ಲಿ ಹ್ಯಾಶ್ (#) ಗುರುತಿನ ನಂತರದ ಭಾಗವನ್ನು ಬ್ರೌಸರ್ ಸರ್ವರ್‌ಗೆ ಕಳಿಸುವುದೇ ಇಲ್ಲ, ಬೀಗದ ಕೈ ಇರುವುದು ಅಲ್ಲೇ. ಹಾಗಾಗಿ ಆ ಲಿಂಕ್ ಸಿಕ್ಕವರು ಕಡತವನ್ನೂ ತೆರೆಯಬಲ್ಲರು. ಗುಂಪು ಚಾಟ್‌ಗಳಿಗೆ ಅದನ್ನು ಸುಮ್ನೆ ಹಾಕುವುದಿಲ್ಲ. ಮುಖ್ಯವಾದ ಕಡತಕ್ಕೆ ಮೇಲೊಂದು ಪಾಸ್‌ವರ್ಡ್ ಕೂಡ ಇಡುತ್ತೇನೆ. ಪಾಸ್‌ವರ್ಡ್ ಮರೆತರೆ ಕ್ರಿಪ್ಟ್‌ಪ್ಯಾಡ್‌ನವರೂ ತೆರೆದುಕೊಡಲಾರರು. ಆದ್ದರಿಂದ ಆಗಾಗ ಒಂದು ಪ್ರತಿಯನ್ನು ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಇಡುತ್ತೇನೆ.