ಊಟ ಆಯ್ತಾ ಅಂತ ಕೇಳಿ ಕೆಟ್ಟೆ

ಬೆಂಗಳೂರಲ್ಲಿ ಪೆಟ್ ಸಿಟಿ ಸ್ಕ್ಯಾನ್ (ಮೈಯೊಳಗೆ ಕ್ಯಾನ್ಸರ್ ಎಲ್ಲಿದೆ ಅಂತ ಹುಡುಕೋ ಸ್ಕ್ಯಾನ್) ಮಾಡೋ ಟೆಕ್ನಾಲಜಿಸ್ಟ್ ನಾನು. ಬಟನ್ ಒತ್ತೋ ಕೆಲಸ ಅಂದ್ಕೊಂಡಿರ್ತಾರೆ ಜನ, ಆದ್ರೆ ನಮ್ಮಲ್ಲಿ ಸ್ಕ್ಯಾನ್ ಚೆನ್ನಾಗಿ ಬರೋದೂ ಕೆಡೋದೂ ಪೇಷೆಂಟ್ ಮಿಷನ್ ಹತ್ರ ಬರೋಕೆ ಮುಂಚೆನೇ.

ಕೊಡೋ ಇಂಜೆಕ್ಷನ್ ಎಫ್‌ಡಿಜಿ, ಗ್ಲೂಕೋಸ್ ಥರದ್ದಕ್ಕೆ ವಿಕಿರಣ ಸೂಸೋ ಫ್ಲೋರಿನ್-18 ಸೇರಿಸಿರ್ತಾರೆ, ಕ್ಯಾನ್ಸರ್ ಜೀವಕೋಶ ಸಕ್ಕರೆ ಜಾಸ್ತಿ ಎಳ್ಕೊಳ್ಳುತ್ತಲ್ಲ, ಅದಕ್ಕೇ ಅಲ್ಲಿ ಬೆಳಗುತ್ತೆ. ಈ ಫ್ಲೋರಿನ್ 110 ನಿಮಿಷಕ್ಕೆ ಅರ್ಧ ಆಗೋಗುತ್ತೆ. ಬೆಳಗ್ಗೆ ಇದನ್ನ ಸೀಸದ ಡಬ್ಬಿಲಿ ತರೋ ಗಾಡಿ ಟ್ರಾಫಿಕ್‌ನಲ್ಲಿ ಸಿಕ್ಕಾಕೊಂಡ್ರೆ ಕೊನೇ ಪೇಷೆಂಟ್‌ಗೆ ಡೋಸ್ ಸಾಲುತ್ತೋ ಇಲ್ವೋ ಅಂತ ನಾವಿಲ್ಲಿ ಕ್ಯಾಲ್ಕುಲೇಟರ್ ಹಿಡ್ಕೊಂಡು ಕೂತಿರ್ತೀವಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಸನದ ಕಡೆಯಿಂದ ಒಬ್ಬರು ವಯಸ್ಸಾದವರು ಬಂದ್ರು. "ಊಟ ತಿಂಡಿ ಏನಾದ್ರೂ ಆಯ್ತಾ ಯಜಮಾನ್ರೆ?" ಅಂದೆ. ಇಲ್ಲ ಅಂದ್ರು. ಶುಗರ್ ನೋಡಿದೆ, 200ರ ಒಳಗಿತ್ತು, ಇಂಜೆಕ್ಷನ್ ಕೊಟ್ಟೆ. ಇಮೇಜ್ ಬಂದಾಗ ನೋಡಿದ್ರೆ ತೊಡೆ, ಭುಜ, ಹೃದಯ ಎಲ್ಲಾ ಧಗಧಗ ಅಂತಿದೆ, ಲಿವರ್ ಮಂಕು. ಆಮೇಲೆ ಅವರ ಹೆಂಡ್ತಿ ಹೇಳ್ತಾರೆ, "ರಾತ್ರಿಯಿಂದ ಏನೂ ತಿಂದಿಲ್ಲ ಸಾರ್, ಬಸ್ ಸ್ಟ್ಯಾಂಡಲ್ಲಿ ಒಂದ್ ಲೋಟ ಕಾಫಿ, ಎರಡು ಬನ್ನು ಅಷ್ಟೇ." ಅವರು ಸುಳ್ಳು ಹೇಳಿಲ್ಲ, ಬನ್ನು ಊಟಾನೂ ಅಲ್ಲ ತಿಂಡೀನೂ ಅಲ್ಲ! ತಿಂದ ತಕ್ಷಣ ಇನ್ಸುಲಿನ್ ಏರಿ ಸಕ್ಕರೆನೆಲ್ಲ ಸ್ನಾಯುಗಳಿಗೆ ತಳ್ಳಿಬಿಡುತ್ತೆ, ಗಡ್ಡೆಗೆ ಸಿಗೋದು ಕಮ್ಮಿ. ಪಾಪ ಅವರು ಇನ್ನೊಂದ್ ದಿನ ಅಷ್ಟು ದೂರದಿಂದ ವಾಪಸ್ ಬರಬೇಕಾಯ್ತು, ಸೀನಿಯರ್ ಹತ್ರ ನಂಗೆ ಚೆನ್ನಾಗಿ ಬಿತ್ತು.

ಈಗ ನಾನು ಕೇಳೋದೇ ಬೇರೆ: ಎದ್ದಾಗಿಂದ ಬಾಯಿಗೆ ಏನೇನ್ ಹಾಕಿದ್ರಿ? ಎಲೆ ಅಡಿಕೆ ಹಾಕಿದ್ರಾ? (ಇಂಜೆಕ್ಷನ್ ಆದ್ಮೇಲೆ ಅಗೀತಾ ಕೂತ್ರೆ ದವಡೆ ಸ್ನಾಯು ಬೆಳಗುತ್ತೆ.) ಇನ್ಸುಲಿನ್ ಎಷ್ಟೊತ್ತಿಗೆ ತಗೊಂಡ್ರಿ? ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಇದ್ರೆ ಕರುಳು ಬೆಳಗುತ್ತೆ, ಅದನ್ನೂ ಬರ್ಕೋತೀನಿ. ಆಮೇಲೆ ಒಂದು ಗಂಟೆ ಕಂಬಳಿ ಹೊದ್ದು ಸುಮ್ನೆ ಮಲಗಬೇಕು, ಫೋನಲ್ಲಿ ಮಾತಾಡಿದ್ರೆ ಗಂಟಲು ಬೆಳಗುತ್ತೆ, ಚಳಿಯಾದ್ರೆ ಕತ್ತಿನ ಹತ್ರದ ಕೊಬ್ಬು ಬೆಳಗುತ್ತೆ. ಕಂಬಳಿ ಕೊಡೋದು ಮರ್ಯಾದೆಗಲ್ಲ ಸ್ವಾಮಿ.

ಹೋದ ವರ್ಷದ ಒಬ್ಬ ಹುಡುಗನ ವಿಷಯ ಹೇಳ್ತೀನಿ. ಲಿಂಫೋಮಾ (ದುಗ್ಧರಸ ಗ್ರಂಥಿಗಳ ಕ್ಯಾನ್ಸರ್), ಕೀಮೋ ಎರಡು ಸೈಕಲ್ ಆಗಿತ್ತು. ಇಂಥ ಸ್ಕ್ಯಾನಲ್ಲಿ ಉಳಿದಿರೋ ಗಂಟಿನ ಹೊಳಪನ್ನ ಎದೆಯ ದೊಡ್ಡ ರಕ್ತನಾಳದ, ಲಿವರ್‌ನ ಹೊಳಪಿನ ಜೊತೆ ಹೋಲಿಸಿ 1ರಿಂದ 5ರವರೆಗೆ ಡೋವಿಲ್ ಸ್ಕೋರ್ ಕೊಡ್ತಾರೆ, ಜಾಸ್ತಿ ಬಂದಷ್ಟೂ ಕೆಟ್ಟದ್ದು. ಹಳೇ ಗಂಟೆಲ್ಲ ಆರಿಹೋಗಿದ್ವು, ಆದ್ರೆ ಎದೆಯೊಳಗೆ ಹೊಸದಾಗಿ ಎರಡು ಜೋರಾಗಿ ಬೆಳಗ್ತಿದ್ವು. ಸೂಜಿ ಹಾಕೋವಾಗ ಮಾತಿಗೆ ಮಾತು ಬಂದು ಮನೇಲಿ ಮಾವ ಟಿಬಿ ಮಾತ್ರೆ ನುಂಗ್ತಿದಾರೆ ಅಂದಿದ್ದ, ನಾನದನ್ನ ಹಿಸ್ಟರಿ ಶೀಟಲ್ಲಿ ಬರೆದಿದ್ದೆ. ಟಿಬಿ ಗಂಟೂ ಹೀಗೇ ಬೆಳಗುತ್ತೆ, ಸ್ಕ್ಯಾನ್ ನೋಡಿ ಇದೇ ಅಂತ ಹೇಳೋಕಾಗಲ್ಲ. ಡಾಕ್ಟ್ರು ಕೀಮೋ ಬದಲಾಯಿಸೋ ಮುಂಚೆ ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷೆ) ಮಾಡ್ಸಿದ್ರು.

ಮುಂದಿನ ಸಲ ಆ ಹುಡುಗನ ಅಮ್ಮ ಕಾರಿಡಾರಲ್ಲಿ ಸಿಕ್ಕಿ, "ಬರೀ ಟಿಬಿ ಅಂತೆ ಸಾರ್" ಅಂತ ನಕ್ಕೊಂಡು ಹೇಳಿದ್ರು. ಟಿಬಿ ಅಂತ ಗೊತ್ತಾಗಿ ಖುಷಿಪಟ್ಟವರನ್ನ ನಾನು ನೋಡಿದ್ದು ಅದೇ ಮೊದಲು.